ಬ್ಯಾಟರಿ ಅಂಗಡಿಯ ಸೀಸ, ವೀರ್ಯಾಣುವಿನ ಎಣಿಕೆ

ಪ್ರಶ್ನೆ: ನನಗೆ 33 ವರ್ಷ. ದಾವಣಗೆರೆಯಲ್ಲಿ ಸೋದರಮಾವನ ಬ್ಯಾಟರಿ ಅಂಗಡಿಯಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಹಳೇ ಬ್ಯಾಟರಿ ಬಿಚ್ಚಿ ಪ್ಲೇಟು ಬದಲಿಸುವುದು, ಸೀಸ ಕರಗಿಸಿ ಟರ್ಮಿನಲ್ ಕಟ್ಟುವುದು ಎಲ್ಲಾ ನಾನೇ ಮಾಡುತ್ತೇನೆ. ಮದುವೆಯಾಗಿ ನಾಲ್ಕು ವರ್ಷ, ಇನ್ನೂ ಮಕ್ಕಳಾಗಿಲ್ಲ. ಹೆಂಡತಿಗೆ 29, ಅವಳ ಸ್ಕ್ಯಾನ್ ಮತ್ತು ಥೈರಾಯ್ಡ್ ಸರಿ ಇವೆ. ನನ್ನ ವೀರ್ಯ ಪರೀಕ್ಷೆಯಲ್ಲಿ ಪ್ರಮಾಣ 2.5 ಮಿ.ಲೀ., ಎಣಿಕೆ ಮಿ.ಲೀ.ಗೆ 9 ಮಿಲಿಯನ್, ಮುಂದಕ್ಕೆ ಚಲಿಸುವವು ಶೇ. 18 ಎಂದು ಬಂದಿದೆ. ಹದಿನೈದು ದಿನ ಬಿಟ್ಟು, ಭರಮಸಾಗರದ ಮನೆಯಲ್ಲಿ ತೆಗೆದು ಬೈಕಿನಲ್ಲಿ ತಂದುಕೊಟ್ಟಿದ್ದೆ, ಒಂದೂವರೆ ಗಂಟೆ ಆಗಿತ್ತು. ಬೋರ್ ನೀರಿನ ದೋಷ ಎಂದು ಕೆಲವರು, ದುರ್ಗದ ಕಡೆಯ ಗಣಿ ಧೂಳು ಎಂದು ಕೆಲವರು ಹೇಳುತ್ತಾರೆ. ಪರಿಚಯದವರೊಬ್ಬರು ಶಕ್ತಿಗೆಂದು ಕೊಟ್ಟ ಭಸ್ಮದ ಪುಡಿಯನ್ನು ಎರಡು ತಿಂಗಳಿಂದ ತೆಗೆದುಕೊಳ್ಳುತ್ತಿದ್ದೇನೆ. ದಿನಕ್ಕೆ ಎಂಟು-ಹತ್ತು ಬೀಡಿ ಸೇದುತ್ತೇನೆ. ಇದು ಸೀಸದಿಂದಲೇ ಆಗಿರಬಹುದೇ? ಕೆಲಸ ಬಿಡಬೇಕೇ? ತಮ್ಮ ವೆಲ್ಡಿಂಗ್ ಶಾಪಿನಲ್ಲಿದ್ದಾನೆ, ಅವನೂ ಹೆದರಿದ್ದಾನೆ.

ಉತ್ತರ: ಮೊದಲು ಆ ಪುಡಿಯನ್ನು ಇವತ್ತೇ ನಿಲ್ಲಿಸಿ. ಡಬ್ಬಿ ಎಸೆಯಬೇಡಿ, ವೈದ್ಯರಲ್ಲಿಗೆ ಹೋಗುವಾಗ ಒಯ್ಯಿರಿ. ಯಾಕೆಂದು ಮುಂದೆ ಹೇಳಿದ್ದೇವೆ.

ಪ್ಲೇಟು ಬಿಚ್ಚುತ್ತ, ಸೀಸ ಕರಗಿಸುತ್ತ ಒಂಬತ್ತು ವರ್ಷ ಕಳೆದವರ ಮೈಯಲ್ಲಿ ಸೀಸ ಸೇರಿರದಿದ್ದರೇ ಆಶ್ಚರ್ಯ. ಆದರೆ ಮೈಯಲ್ಲಿ ಸೀಸ ಇರುವುದು ಒಂದು ಮಾತು, ಸೀಸದಿಂದಲೇ ಎಣಿಕೆ ಇಳಿಯಿತು ಎನ್ನುವುದು ಇನ್ನೊಂದು ಮಾತು. ಎರಡನ್ನೂ ಜೋಡಿಸಬೇಕಾದರೆ ರಕ್ತದ ಒಂದು ಪರೀಕ್ಷೆ, ವೈದ್ಯರು ಕೈಯಿಟ್ಟು ನೋಡುವ ಒಂದು ತಪಾಸಣೆ, ಕ್ರಮವಾಗಿ ಮಾಡಿದ ಎರಡು ವೀರ್ಯ ಪರೀಕ್ಷೆ ಬೇಕು. ಅಲ್ಲಿಯವರೆಗೆ ಕೆಲಸ ಬಿಡುವ ತೀರ್ಮಾನ ಬೇಡ. ಕರಗಿಸುವುದನ್ನೂ ಪ್ಲೇಟು ಬಿಚ್ಚುವುದನ್ನೂ ಮಾತ್ರ ನಿಲ್ಲಿಸಿ.

ನಿಮ್ಮ ಕೈಯಲ್ಲಿರುವ ರಿಪೋರ್ಟನ್ನು ಪೂರ್ತಿ ನಂಬುವಂತಿಲ್ಲ. ಮಿಲಿಯನ್ ಎಂದರೆ ಹತ್ತು ಲಕ್ಷ. ಹಾಗಾಗಿ ನಿಮ್ಮದು ಮಿ.ಲೀ.ಗೆ 90 ಲಕ್ಷ, 2.5 ಮಿ.ಲೀ.ಗೆ ಒಟ್ಟು 2 ಕೋಟಿ 25 ಲಕ್ಷ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಕೆಳಗಿನ ಅಂಚು ಹೀಗಿದೆ: ಪ್ರಮಾಣ 1.4 ಮಿ.ಲೀ., ಮಿ.ಲೀ.ಗೆ 1 ಕೋಟಿ 60 ಲಕ್ಷ, ಒಟ್ಟು 3 ಕೋಟಿ 90 ಲಕ್ಷ, ಮುಂದಕ್ಕೆ ಚಲಿಸುವವು ಶೇ. 30, ಸಹಜ ಆಕಾರದವು ಶೇ. 4. ಇದು ಪಾಸು-ಫೇಲಿನ ಗೆರೆಯಲ್ಲ. ಒಂದು ವರ್ಷದೊಳಗೆ ತಂದೆಯಾದ ಗಂಡಸರನ್ನೇ ಅಳೆದು, ಅವರಲ್ಲಿ ತೀರಾ ಕೆಳಗಿದ್ದ ನೂರಕ್ಕೆ ಐವರು ಎಲ್ಲಿ ಬರುತ್ತಾರೋ ಅಲ್ಲಿ ಹಾಕಿದ ಗುರುತು. ಅಂದರೆ ಗೆರೆಯ ಕೆಳಗಿದ್ದೂ ತಂದೆಯಾದವರಿದ್ದಾರೆ, ಮೇಲಿದ್ದೂ ಆಗದವರಿದ್ದಾರೆ.

ಮಾದರಿ ಕೊಟ್ಟ ರೀತಿಯಲ್ಲಿ ಎರಡು ತಪ್ಪಾಗಿವೆ. ಹಿಂದಿನ ಸ್ಖಲನಕ್ಕೂ ಮಾದರಿಗೂ ನಡುವಿನ ಅಂತರ 2ರಿಂದ 7 ದಿನ ಇರಬೇಕಿತ್ತು. ಹದಿನೈದು ದಿನ ಬಿಟ್ಟರೆ ಹಳೆಯ, ಸತ್ತ ವೀರ್ಯಾಣುಗಳು ಸೇರಿಕೊಂಡು ಎಣಿಕೆ ಏರಿದಂತೆ ಕಾಣುತ್ತದೆ, ಚಲನೆ ಇಳಿಯುತ್ತದೆ. ಹಾಗಾಗಿ ನಿಮ್ಮ ನಿಜವಾದ ಎಣಿಕೆ 9ಕ್ಕಿಂತಲೂ ಕಡಿಮೆ ಇರಬಹುದು, ಚಲನೆ 18ಕ್ಕಿಂತ ಚೆನ್ನಾಗಿರಬಹುದು. ಇನ್ನೊಂದು, ಮಾದರಿ ಅರ್ಧ ಗಂಟೆಯಲ್ಲಿ, ತಡವೆಂದರೆ ಒಂದು ಗಂಟೆಯೊಳಗೆ ಸೂಕ್ಷ್ಮದರ್ಶಕದ ಕೆಳಗೆ ಹೋಗಬೇಕು. ಒಂದೂವರೆ ಗಂಟೆ ಬೈಕಿನಲ್ಲಿ ಕುಲುಕಿ, ಬಿಸಿಲಿಗೋ ಚಳಿಗೋ ಸಿಕ್ಕಿ ಬಂದ ಮಾದರಿಯ ಚಲನೆಯನ್ನು ಲೆಕ್ಕಕ್ಕೆ ಹಿಡಿಯಬಾರದು. ಮುಂದಿನ ಸಲ ಮೂರು-ನಾಲ್ಕು ದಿನದ ಅಂತರವಿಟ್ಟು ಲ್ಯಾಬಿನಲ್ಲೇ ಕೊಡಿ. ಸೋಪು, ಎಂಜಲು, ಎಣ್ಣೆ ತಾಕಬಾರದು. ಮೊದಲ ಹನಿಗಳು ಹೊರಗೆ ಬಿದ್ದರೆ ಹೇಳಿಬಿಡಿ, ಹೆಚ್ಚಿನ ವೀರ್ಯಾಣುಗಳು ಇರುವುದು ಅದರಲ್ಲೇ. ಹಿಂದಿನ ಮೂರು ತಿಂಗಳಲ್ಲಿ ಡೆಂಗಿ, ಟೈಫಾಯ್ಡಿನಂಥ ಜೋರು ಜ್ವರ ಬಂದಿದ್ದರೆ ಅದನ್ನೂ ಹೇಳಿ. ಜ್ವರದ ಕಾವಿಗೇ ಎಣಿಕೆ ಬೀಳುತ್ತದೆ.

ಮೂರು ತಿಂಗಳು ಎಂದದ್ದಕ್ಕೆ ಕಾರಣವಿದೆ. ಒಂದು ವೀರ್ಯಾಣು ವೃಷಣದೊಳಗೆ ರೂಪುಗೊಳ್ಳಲು ಸುಮಾರು 74 ದಿನ ಬೇಕು. ಆಮೇಲೆ ವೃಷಣಕ್ಕೆ ಅಂಟಿಕೊಂಡ ಸುರುಳಿ ನಾಳದಲ್ಲಿ ಮಾಗಿ ಹೊರಬರಲು ಇನ್ನೆರಡು ವಾರ. ಇವತ್ತಿನ ರಿಪೋರ್ಟಿನಲ್ಲಿ ಕಾಣುವುದು ಮೂರು ತಿಂಗಳ ಹಿಂದಿನ ಬಿತ್ತನೆಯ ಬೆಳೆ. ಇವತ್ತು ಮಾಸ್ಕು ಹಾಕಿ ಮುಂದಿನ ತಿಂಗಳು ಪರೀಕ್ಷೆ ಮಾಡಿಸಿ “ಏನೂ ಉಪಯೋಗವಾಗಲಿಲ್ಲ” ಎನ್ನುವವರು ಇದನ್ನು ಮರೆತಿರುತ್ತಾರೆ.

ಸೀಸ ಎರಡು ಕಡೆ ಕೆಲಸ ಮಾಡುತ್ತದೆ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ವೃಷಣಕ್ಕೆ ಹೋಗುವ ಹಾರ್ಮೋನಿನ ಆಜ್ಞೆಯನ್ನು ಕೆಡಿಸುವುದು ಒಂದು, ವೃಷಣದ ಜೀವಕೋಶಗಳಿಗೆ ನೇರವಾಗಿ ಹಾನಿ ಮಾಡುವುದು ಇನ್ನೊಂದು. ಇದಲ್ಲದೆ ವೀರ್ಯಾಣುವಿನ ತಲೆಯಲ್ಲಿ ಡಿಎನ್‌ಎಯನ್ನು ಗಟ್ಟಿಯಾಗಿ ಸುತ್ತಿಡುವ ಪ್ರೊಟಮೈನ್ ಎಂಬ ಪ್ರೋಟೀನಿಗೆ ಸತು ಬೇಕು. ಸೀಸ ಆ ಸತುವಿನ ಜಾಗಕ್ಕೆ ನುಗ್ಗುತ್ತದೆ, ಕಟ್ಟು ಸಡಿಲವಾಗುತ್ತದೆ. ಆಗ ಎಣಿಕೆ ಸರಿ ಕಂಡರೂ ಒಳಗಿನ ಸರಕು ಕೆಟ್ಟಿರಬಹುದು. ಬ್ರಿಟನ್, ಇಟಲಿ, ಬೆಲ್ಜಿಯಂಗಳ 503 ಕೆಲಸಗಾರರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರಕ್ತದ ಸೀಸ ಡೆಸಿಲೀಟರಿಗೆ 50 ಮೈಕ್ರೋಗ್ರಾಂ ಮೀರಿದವರ ವೀರ್ಯಾಣು ಸಾಂದ್ರತೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಇಳಿತ ಆರಂಭವಾಗುವ ಮಟ್ಟ 44ರ ಆಸುಪಾಸು ಎಂದು ಅವರು ಲೆಕ್ಕ ಹಾಕಿದರು. ಈ ಮಟ್ಟದಲ್ಲಿ ಬಹಳ ಮಂದಿಗೆ ಹೊಟ್ಟೆನೋವು, ಮಲಬದ್ಧತೆ, ಕೈ ಸೋಲುವುದು ಯಾವುದೂ ಇರುವುದಿಲ್ಲ. “ನನಗೇನೂ ಆಗಿಲ್ಲ, ಗಟ್ಟಿಯಾಗಿದ್ದೇನೆ” ಎನ್ನುವ ಮಾತಿಗೆ ಇಲ್ಲಿ ಬೆಲೆಯಿಲ್ಲ.

ಲ್ಯಾಬಿನಲ್ಲಿ “ಬ್ಲಡ್ ಲೆಡ್” ಎಂದೇ ಕೇಳಿ. ದಾವಣಗೆರೆಯಲ್ಲಿ ರಕ್ತ ತೆಗೆದು ಬೆಂಗಳೂರಿಗೋ ಮುಂಬಯಿಗೋ ಕಳಿಸುವ ಲ್ಯಾಬುಗಳು ಸಾಕಷ್ಟಿವೆ. ಐಸಿಪಿ-ಎಂಎಸ್ (ಲೋಹವನ್ನು ಅತಿ ಸಣ್ಣ ಪ್ರಮಾಣದಲ್ಲೂ ಅಳೆಯುವ ಯಂತ್ರ) ವಿಧಾನದಲ್ಲಿ ಮಾಡುತ್ತಾರೆಯೇ, ಲ್ಯಾಬುಗಳ ಗುಣಮಟ್ಟಕ್ಕೆ ಕೊಡುವ ಎನ್‌ಎಬಿಎಲ್ ಮಾನ್ಯತೆ ಇದೆಯೇ ಎಂದು ವಿಚಾರಿಸಿ. ಬೆಳಿಗ್ಗೆ ಸ್ನಾನ ಮಾಡಿ, ಒಗೆದ ಬಟ್ಟೆ ಹಾಕಿಕೊಂಡು, ಅಂಗಡಿಗೆ ಕಾಲಿಡುವ ಮೊದಲೇ ಹೋಗಿ. ಲ್ಯಾಬಿನಲ್ಲಿ ಮತ್ತೊಮ್ಮೆ ತೋಳನ್ನು ಸೋಪಿನಲ್ಲಿ ತೊಳೆದುಕೊಳ್ಳಿ. ರಕ್ತವನ್ನು ತೋಳಿನ ರಕ್ತನಾಳದಿಂದ, ಲೋಹದ ಪರೀಕ್ಷೆಗೆಂದೇ ಇರುವ ನೀಲಿ ಮುಚ್ಚಳದ ಟ್ಯೂಬಿಗೆ ತೆಗೆಯಬೇಕು. ಬೆರಳ ತುದಿಯಿಂದ ತೆಗೆದರೆ ಚರ್ಮದ ಮೇಲಿನ ಸೀಸವೇ ಲೆಕ್ಕಕ್ಕೆ ಬಂದೀತು. ರಿಪೋರ್ಟಿನಲ್ಲಿ ಮಾನ ನೋಡಿ: ಲೀಟರಿಗೆ 400 ಮೈಕ್ರೋಗ್ರಾಂ ಎಂದರೂ ಡೆಸಿಲೀಟರಿಗೆ 40 ಎಂದರೂ ಒಂದೇ. ಇದನ್ನು ತಪ್ಪಾಗಿ ಓದಿ ಎದೆ ಒಡೆದುಕೊಂಡವರಿದ್ದಾರೆ, ಸುಮ್ಮನೆ ನಿಶ್ಚಿಂತರಾದವರೂ ಇದ್ದಾರೆ. ಕೂದಲ ಪರೀಕ್ಷೆಗೆ ದುಡ್ಡು ಹಾಕಬೇಡಿ. ಲೋಹ ಹೊರಹಾಕುವ ಔಷಧಿ ಕೊಟ್ಟು ಆಮೇಲೆ ಮೂತ್ರ ಪರೀಕ್ಷಿಸುವ ಪದ್ಧತಿಯೂ ಬೇಡ. ಆ ಔಷಧಿ ಕೊಟ್ಟರೆ ಯಾರ ಮೂತ್ರದಲ್ಲಾದರೂ ಲೋಹ ಏರುತ್ತದೆ, ಹೋಲಿಸಲು ಒಪ್ಪಿತ ಅಳತೆಯೇ ಇಲ್ಲ.

ಫಲಿತಾಂಶ ಡೆಸಿಲೀಟರಿಗೆ 5 ಮೈಕ್ರೋಗ್ರಾಂಗಿಂತ ಕೆಳಗೆ ಬಂದರೆ ಸೀಸವನ್ನು ಬಿಟ್ಟು ಬೇರೆ ಕಾರಣ ಹುಡುಕಿ. 5 ಅಥವಾ ಹೆಚ್ಚು ಇದ್ದರೆ ಮೂಲ ಪತ್ತೆ ಮಾಡಿ ತಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಮ್ಮ ಮೂಲ ಗೊತ್ತೇ ಇದೆ. ಅಲ್ಲಿಂದ 40ರವರೆಗೆ ಸೀಸಕ್ಕೂ ನಿಮ್ಮ ಎಣಿಕೆಗೂ ಇರುವ ನಂಟು ಅನುಮಾನದ್ದು, ಆದರೂ ಅಂಗಡಿ ಸರಿಪಡಿಸಲೇಬೇಕು. 40 ದಾಟಿದರೆ ಸೀಸವೇ ಮುಖ್ಯ ಆರೋಪಿ. ಅಮೆರಿಕದ ಕಾರ್ಮಿಕ ನಿಯಮದಲ್ಲಿ 60 ಮುಟ್ಟಿದವರನ್ನು ಆ ಕೆಲಸದಿಂದ ಹೊರಗಿಟ್ಟು, 40ರ ಕೆಳಗೆ ಇಳಿದ ಮೇಲೆಯೇ ಮರಳಿ ಬಿಡುತ್ತಾರೆ. ಜೊತೆಗೆ ಹಿಮೋಗ್ಲೋಬಿನ್, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಬಿ.ಪಿ. ನೋಡಿಸಿ. ಸೀಸ ರಕ್ತವನ್ನೂ ಮೂತ್ರಪಿಂಡವನ್ನೂ ಬಿಡುವುದಿಲ್ಲ.

ಸೀಸವನ್ನು ಮೈಯಿಂದ ತೆಗೆಯುವ ಇಡಿಟಿಎ, ಡಿಎಂಎಸ್‌ಎ ಔಷಧಿಗಳಿವೆ. ಅವು ತೀರಾ ಏರಿದ ಮಟ್ಟಕ್ಕೆ, ಲಕ್ಷಣ ಇರುವವರಿಗೆ, ಆಸ್ಪತ್ರೆಯಲ್ಲಿ ಕೊಡುವಂಥವು. ಎಣಿಕೆ ಹೆಚ್ಚಿಸಿಕೊಳ್ಳಲೆಂದು ಅವನ್ನು ಯಾರೂ ತೆಗೆದುಕೊಳ್ಳಬಾರದು. ಇಡಿಟಿಎಯಲ್ಲಿ ಕ್ಯಾಲ್ಸಿಯಂ ಇರುವ ಬಗೆಯ ಬದಲು ಇನ್ನೊಂದು ಬಗೆ ಕೊಟ್ಟರೆ ರಕ್ತದ ಕ್ಯಾಲ್ಸಿಯಂ ಕುಸಿದು ಪ್ರಾಣ ಹೋದ ಉದಾಹರಣೆಗಳಿವೆ. ಸೀಸದ ಕೆಲಸ ಮುಂದುವರಿಸುತ್ತಲೇ ಔಷಧಿ ನುಂಗುವುದೂ ದಂಡ. ನಲ್ಲಿ ಬಿಟ್ಟುಕೊಂಡೇ ನೆಲ ಒರೆಸಿದ ಹಾಗೆ.

ಈಗ ಆ ಪುಡಿ. ಲೋಹ, ಖನಿಜಗಳಿಂದ ಔಷಧಿ ಮಾಡುವ ಆಯುರ್ವೇದದ ಶಾಖೆ ರಸಶಾಸ್ತ್ರ. ಅದರ ಹೆಸರುಗಳನ್ನೇ ನೋಡಿ: ನಾಗಭಸ್ಮ ಎಂದರೆ ಸೀಸದ ಭಸ್ಮ. ರಸಸಿಂಧೂರ, ಮಕರಧ್ವಜ ಪಾದರಸ-ಗಂಧಕದ ಸಂಯುಕ್ತಗಳು. ಹರತಾಳ, ಮನಃಶಿಲೆ ಆರ್ಸೆನಿಕ್‌ನವು. ಇವುಗಳಲ್ಲಿ ಕೆಲವನ್ನು ಮಾರುವುದೇ “ವೀರ್ಯವೃದ್ಧಿ”ಯ ಹೆಸರಿನಲ್ಲಿ. ವಿಷವೆಂದು ಪಟ್ಟಿಯಲ್ಲಿರುವ ದ್ರವ್ಯ ಸೇರಿದ ಆಯುರ್ವೇದ ಔಷಧಿಯ ಚೀಟಿಯ ಮೇಲೆ ವೈದ್ಯರ ನಿಗಾದಲ್ಲೇ ತೆಗೆದುಕೊಳ್ಳಬೇಕೆಂಬ ಎಚ್ಚರಿಕೆ ಇರಲೇಬೇಕು ಎಂಬುದು ನಮ್ಮ ದೇಶದ ನಿಯಮ. ನಿಮಗೆ ಸಿಕ್ಕಿರುವುದು ಚೀಟಿಯೇ ಇಲ್ಲದ ಡಬ್ಬಿ ಇರಬೇಕು. 2008ರಲ್ಲಿ ಪ್ರಕಟವಾದ ಅಮೆರಿಕದ ಸಮೀಕ್ಷೆಯೊಂದರಲ್ಲಿ, ಇಂಟರ್‌ನೆಟ್ಟಿನಲ್ಲಿ ಕೊಂಡು ಪರೀಕ್ಷಿಸಿದ 193 ಆಯುರ್ವೇದ ಉತ್ಪನ್ನಗಳಲ್ಲಿ ಐದರಲ್ಲೊಂದಕ್ಕೆ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು. ಎಲ್ಲ ಗಿಡಮೂಲಿಕೆಯನ್ನೂ ಬಯ್ಯಲು ಇದನ್ನು ಹೇಳುತ್ತಿಲ್ಲ. ಆದರೆ ಅಂಗಡಿಯಲ್ಲಿ ಒಂಬತ್ತು ವರ್ಷ ಸೀಸ ಉಂಡವರು ಮನೆಯಲ್ಲಿ ಅದನ್ನೇ ಹಾಲಿನಲ್ಲಿ ಕಲಸಿ ಕುಡಿಯುವ ಸಾಧ್ಯತೆಯನ್ನು ಬಿಟ್ಟುಕೊಡುವುದು ಬೇಡ. ರಕ್ತದ ಸೀಸ ನಿರೀಕ್ಷೆಗಿಂತ ಬಹಳ ಏರಿದ್ದರೆ ವೈದ್ಯರು ಆ ಪುಡಿಯನ್ನೂ ಪರೀಕ್ಷೆಗೆ ಕಳಿಸಬಹುದು.

ನೀರಿನ ವಿಷಯ ಚಿಕ್ಕದು. ಚಿತ್ರದುರ್ಗದ ಕಡೆ, ಮುಖ್ಯವಾಗಿ ಮೊಳಕಾಲ್ಮೂರು, ಚಳ್ಳಕೆರೆ, ಹಿರಿಯೂರಿನ ಬೋರ್‌ವೆಲ್‌ಗಳಲ್ಲಿ ಕಾಡುವುದು ಫ್ಲೋರೈಡು. ಅದು ಲೋಹವೇ ಅಲ್ಲ. ಅನುಮಾನವಿದ್ದರೆ ಒಮ್ಮೆ ಪರೀಕ್ಷೆ ಮಾಡಿಸಿ. ಭಾರತೀಯ ಮಾನಕದಲ್ಲಿ ಲೀಟರಿಗೆ ಸೀಸ 0.01 ಮಿ.ಗ್ರಾಂ, ಆರ್ಸೆನಿಕ್ 0.01, ಕ್ಯಾಡ್ಮಿಯಂ 0.003, ಪಾದರಸ 0.001 ಮೀರಬಾರದು. ಫ್ಲೋರೈಡು 1, ಬೇರೆ ಮೂಲವಿಲ್ಲದಿದ್ದರೆ 1.5. ಕುದಿಸಿದರೆ ಇವು ಯಾವುವೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತವೆ. ಊರಿನ ಶುದ್ಧ ನೀರಿನ ಘಟಕದ ಆರ್‌ಒ ನೀರು ಸಾಕು. ಹೊಸದುರ್ಗ, ಹೊಳಲ್ಕೆರೆ ಕಡೆಯ ಗಣಿಗಳದು ಕಬ್ಬಿಣದ ಅದಿರು. ಆ ಧೂಳಿನಿಂದ ಶ್ವಾಸಕೋಶಕ್ಕೆ ತೊಂದರೆ ಇದೆ, ಆದರೆ ಭರಮಸಾಗರದ ಮನೆಯಲ್ಲಿ ಕೂತವರ ವೀರ್ಯಾಣು ಕಡಿಮೆಯಾದದ್ದನ್ನು ಅದರ ತಲೆಗೆ ಕಟ್ಟಲಾಗದು. ಇಂಗಳದಾಳದ ಹಳೇ ತಾಮ್ರ ಗಣಿಯ ಮಣ್ಣಿನ ದಿಬ್ಬದ ಪಕ್ಕದಲ್ಲೇ ಬಾವಿ ಇರುವವರು ತಾಮ್ರ, ಆರ್ಸೆನಿಕ್ ನೋಡಿಸಿಕೊಳ್ಳಲಿ. ಕಣ್ಣಿಗೆ ಕಾಣುವ ಗಣಿಯನ್ನು ದೂರುವುದು ಸುಲಭ, ಉಗುರು ಸಂದಿಯ ಕರಿಯನ್ನು ನೋಡಿಕೊಳ್ಳುವುದು ಕಷ್ಟ.

ನಿಮ್ಮ ಮೈಗೆ ಸೀಸ ಬಂದ ದಾರಿಗಳಲ್ಲಿ ಆ ಉಗುರೂ ಒಂದು. ಚಾರ್ಜಿಂಗ್, ಡಿಸ್ಟಿಲ್ಡ್ ವಾಟರ್ ಹಾಕುವುದು, ಹೊಸ ಬ್ಯಾಟರಿ ಕೂರಿಸುವುದು, ಇವುಗಳಲ್ಲಿ ಆಸಿಡ್ ಹೊಗೆಯ ಕಾಟ ಇರಬಹುದು, ಸೀಸ ಅಷ್ಟಿಲ್ಲ. ಸೀಸ ಏಳುವುದು ಮೂರು ಹೊತ್ತಿನಲ್ಲಿ. ಮುಚ್ಚಳ ಕತ್ತರಿಸಿ ಒಣಗಿದ ಪ್ಲೇಟು ಎತ್ತಿದಾಗ ಉದುರುವ ಪುಡಿ ಬರೀ ಸೀಸದ ಆಕ್ಸೈಡ್, ಸಲ್ಫೇಟು. ಎರಡನೆಯದು ಬಾಣಲೆಯಲ್ಲಿ ಕರಗಿಸುವಾಗ. ಸೀಸ 327 ಡಿಗ್ರಿಗೇ ಕರಗುತ್ತದೆ. ಆದರೆ ಗಾಳಿ ಊದಿ ಬೆಂಕಿ ಜೋರು ಮಾಡಿ 500 ಡಿಗ್ರಿ ದಾಟಿಸಿದರೆ ಹೊಗೆ ಏಳುತ್ತದೆ. ಆ ಹೊಗೆಯ ಕಣ ಎಷ್ಟು ಸಣ್ಣದೆಂದರೆ ಶ್ವಾಸಕೋಶದ ತಳ ಮುಟ್ಟಿ ಬಹುಪಾಲು ರಕ್ತಕ್ಕೆ ಸೇರುತ್ತದೆ. ಗ್ಯಾಸ್ ಟಾರ್ಚಿನಲ್ಲಿ ಟರ್ಮಿನಲ್ ಕಟ್ಟುವಾಗಲೂ ಇದೇ ಕತೆ. ಮೂರನೆಯದನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ: ಮೇಲೆ ಕಟ್ಟುವ ಕಿಟ್ಟವನ್ನು ತೆಗೆದು ಮೂಲೆಗೆ ಬಡಿಯುವುದು, ಸಂಜೆ ಪೊರಕೆ ಹಿಡಿದು ಗುಡಿಸುವುದು.

ಆಮೇಲೆ ನಾಲ್ಕು ಗಂಟೆಗೆ ಪೇಪರಿನ ಮೇಲೆ ಮಂಡಕ್ಕಿ, ಮೆಣಸಿನಕಾಯಿ ಬರುತ್ತದೆ. ಕೈ ಪ್ಯಾಂಟಿಗೆ ಒರೆಸಿಕೊಂಡು ಬಾಯಿಗೆ. ಎಲೆಗೆ ಸುಣ್ಣ ಸವರುವುದು ಅದೇ ಬೆರಳು, ಬೀಡಿ ತುಟಿಗಿಡುವುದೂ ಅದೇ. ದೊಡ್ಡವರ ಕರುಳು ನುಂಗಿದ ಸೀಸದಲ್ಲಿ ನೂರಕ್ಕೆ ಹತ್ತರಷ್ಟನ್ನು ಹೀರಿದರೆ, ಖಾಲಿ ಹೊಟ್ಟೆಯಲ್ಲಿ ಅದರ ಹಲವು ಪಟ್ಟು ಹೀರುತ್ತದೆ. ಬರೀ ಟೀ ಕುಡಿದು ಅಂಗಡಿ ತೆರೆಯಬೇಡಿ, ತಿಂಡಿ ತಿಂದು ಹೋಗಿ. ಕಬ್ಬಿಣ, ಕ್ಯಾಲ್ಸಿಯಂ ಕಡಿಮೆ ಇರುವವರ ಕರುಳೂ ಸೀಸವನ್ನು ಹೆಚ್ಚು ಹಿಡಿಯುತ್ತದೆ. ರಾಗಿ, ಸೊಪ್ಪು, ಮೊಸರು ಊಟದಲ್ಲಿರಲಿ. ಇವು ಸೀಸವನ್ನು ತೆಗೆಯುವುದಿಲ್ಲ, ಒಳಬರುವುದನ್ನು ಕೊಂಚ ತಡೆಯುತ್ತವೆ ಅಷ್ಟೇ.

ಬೀಡಿಯ ಲೆಕ್ಕ ಬೇರೆ ಇದೆ. ತಂಬಾಕು ಗಿಡ ಮಣ್ಣಿನ ಕ್ಯಾಡ್ಮಿಯಂ ಅನ್ನು ಎಲೆಗೆ ಎಳೆದುಕೊಳ್ಳುತ್ತದೆ, ಹೊಗೆಯಲ್ಲಿ ಅದು ಶ್ವಾಸಕೋಶಕ್ಕೆ ಬರುತ್ತದೆ. ವೃಷಣದೊಳಗೆ ರಕ್ತಕ್ಕೂ ಬೆಳೆಯುವ ವೀರ್ಯಾಣುವಿಗೂ ನಡುವೆ ಇರುವ ತಡೆಗೋಡೆಯನ್ನು ಕ್ಯಾಡ್ಮಿಯಂ ಸಡಿಲಗೊಳಿಸುವುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಸ್ಪಷ್ಟವಾಗಿದೆ. ಮೂತ್ರಪಿಂಡದಲ್ಲಿ ಕೂತ ಕ್ಯಾಡ್ಮಿಯಂ ಅರ್ಧವಾಗಲು ಹತ್ತರಿಂದ ಮೂವತ್ತು ವರ್ಷ ಬೇಕು. (ಕೆಡಿಎಂ ಚಿನ್ನ ಎನ್ನುತ್ತಿದ್ದೆವಲ್ಲ, ಅದು ಕ್ಯಾಡ್ಮಿಯಂ ಬೆಸುಗೆಯದು. ಆ ಹೊಗೆ ಕುಡಿದವರು ನಮ್ಮ ಅಕ್ಕಸಾಲಿಗರು.) ದುಬಾರಿ ಮಾಸ್ಕು ಕೊಂಡು, ಅದನ್ನು ಗಲ್ಲಕ್ಕೆ ಇಳಿಸಿ ಬೀಡಿ ಹಚ್ಚುವವರಿಗೆ ಹೇಳುವುದು ಏನೂ ಇಲ್ಲ.

ಕೆಲಸ ಬಿಡಬೇಕೇ ಎಂದು ಕೇಳಿದ್ದೀರಿ. ಪ್ಲೇಟು ಬಿಚ್ಚುವುದು, ಕರಗಿಸುವುದು ಎರಡನ್ನೂ ಅಂಗಡಿಯಿಂದಲೇ ತೆಗೆದುಹಾಕುವಂತೆ ಮಾವನನ್ನು ಒಪ್ಪಿಸಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮದ ಪ್ರಕಾರ ಸತ್ತ ಬ್ಯಾಟರಿ ನೋಂದಾಯಿತ ಮರುಬಳಕೆದಾರರಿಗೆ ತಲುಪಬೇಕು. ಬಿಚ್ಚದೆ, ಆಸಿಡ್ ಚೆಲ್ಲದೆ, ತೂಕಕ್ಕೆ ಕೊಟ್ಟರೂ ಹಣ ಬರುತ್ತದೆ. ಮಾರಾಟ, ಚಾರ್ಜಿಂಗ್, ಇನ್ವರ್ಟರ್ ಸರ್ವಿಸ್ ಉಳಿಸಿಕೊಳ್ಳಿ. ಅಂಗಡಿಯಲ್ಲಿ ಈಗಾಗಲೇ ಕೂತಿರುವ ಧೂಳನ್ನು ಗುಡಿಸಬೇಡಿ, ಕಂಪ್ರೆಸರ್ ಗಾಳಿಯಲ್ಲಿ ಊದಲೇಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆ ಮತ್ತು ಕಿಟ್ಟವನ್ನು ಮುಚ್ಚಳದ ಡಬ್ಬಿಗೆ ಹಾಕಿ. ಈ ಕೆಲಸದ ದಿನ ಸಣ್ಣ ಕಣಗಳನ್ನೂ ತಡೆಯುವ ಪಿ100 ಫಿಲ್ಟರಿನ, ಮೂಗು-ಬಾಯಿ ಮುಚ್ಚುವ ಅರ್ಧಮುಖದ ರೆಸ್ಪಿರೇಟರ್ ಬೇಕು. ಕರ್ಚೀಫು, ಸರ್ಜಿಕಲ್ ಮಾಸ್ಕಿನಲ್ಲಿ ಏನೂ ನಿಲ್ಲದು. ಗಡ್ಡ ಇದ್ದರೆ ರೆಸ್ಪಿರೇಟರ್ ಮುಖಕ್ಕೆ ಕೂರುವುದಿಲ್ಲ, ಅಂಚಿನಿಂದ ಗಾಳಿ ನುಸುಳುತ್ತದೆ. ಉಗುರು ಗಿಡ್ಡ ಇರಲಿ. ಊಟ, ಟೀ, ಎಲೆಅಡಿಕೆ ಅಂಗಡಿಯ ಹೊರಗೆ, ಕೈ-ಮುಖ ಸೋಪಿನಲ್ಲಿ ಉಜ್ಜಿ ತೊಳೆದ ಮೇಲೆ.

ಮನೆಗೆ ಹೋಗುವ ಬಟ್ಟೆ ಅಂಗಡಿಯ ಬಟ್ಟೆ ಆಗಿರಬಾರದು. ಪ್ಯಾಂಟು, ಅಂಗಿ, ಚಪ್ಪಲಿ ಅಲ್ಲೇ ಬಿಟ್ಟು, ತೊಳೆದುಕೊಂಡು ಬನ್ನಿ. ಒಗೆಯಲು ಒಯ್ದರೆ ಮುಚ್ಚಿದ ಚೀಲದಲ್ಲಿ ಒಯ್ದು ಬೇರೆಯಾಗಿ ಒಗೆಯಿರಿ, ಕೊಡವಬೇಡಿ. ಬಟ್ಟೆ ಕೊಡವಿದವರ ಮೂಗಿಗೆ ಹೋಗುವುದು ಅದೇ ಸೀಸ. ಗರ್ಭಿಣಿಯ ರಕ್ತದಿಂದ ಸೀಸ ಮಗುವಿಗೆ ಸಲೀಸಾಗಿ ದಾಟುತ್ತದೆ. ಹೆಂಡತಿಯೇ ನಿಮ್ಮ ಬಟ್ಟೆ ಒಗೆಯುತ್ತಿದ್ದರೆ ಅವರ ರಕ್ತದ ಸೀಸವನ್ನೂ ಈಗಲೇ ನೋಡಿಸಿ. ನಿಮ್ಮ ಎಣಿಕೆ ನಾಳೆಯೇ ಸರಿಹೋದರೂ ಈ ಪರೀಕ್ಷೆ ಬೇಕು.

ತಮ್ಮನ ವಿಷಯದಲ್ಲಿ ಅವನು ಏನನ್ನು ಬೆಸೆಯುತ್ತಾನೆ ಎಂದು ಕೇಳಿ. ಗೇಟು, ಟ್ರಾಲಿಯ ಸಾದಾ ಕಬ್ಬಿಣವಾದರೆ ಹೊಗೆ ಮುಖಕ್ಕೆ ಬಾರದಂತೆ ಬಯಲಲ್ಲಿ, ಫ್ಯಾನಿಟ್ಟು ಮಾಡಲಿ. ಸ್ಟೇನ್‌ಲೆಸ್ ಸ್ಟೀಲಿನ ಹೊಗೆಯಲ್ಲಿ ಆರು ವೇಲೆನ್ಸಿಯ ಕ್ರೋಮಿಯಂ ಇರುತ್ತದೆ, ಅದು ಕೆಟ್ಟದ್ದು. ಹಳೇ ಬಣ್ಣದ ಮೇಲೆಯೇ ಬೆಸುಗೆ, ಗ್ರೈಂಡಿಂಗ್ ಬೇಡ. ಸೀಸ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಭಾಗ) ಮೀರಬಾರದೆಂಬ ನಿಯಮ 2017ರ ನವೆಂಬರಿನಿಂದ ಬಂದದ್ದು ಮನೆಗೆ ಬಳಿಯುವ ಬಣ್ಣಕ್ಕೆ. ಲಾರಿ, ಯಂತ್ರಗಳ ಹಳದಿ-ಕಿತ್ತಳೆ ಬಣ್ಣಕ್ಕೆ ಅದು ಅನ್ವಯಿಸದು. ರೆಡ್ ಆಕ್ಸೈಡು ಕಬ್ಬಿಣದ್ದು, ರೆಡ್ ಲೆಡ್ಡು ಸೀಸದ್ದು. ಡಬ್ಬಿಯ ಮೇಲೆ ಜಿಂಕ್ ಕ್ರೋಮೇಟ್ ಎಂದಿದ್ದರೆ ಅಲ್ಲೂ ಕ್ರೋಮಿಯಂ ಇದೆ.

ಸೀಸದ ಗುಂಗಿನಲ್ಲಿ ಸಾಮಾನ್ಯ ಕಾರಣಗಳನ್ನು ಬಿಟ್ಟುಬಿಡುವುದೂ ತಪ್ಪೇ. ಮಕ್ಕಳಾಗದ ಗಂಡಸರಲ್ಲಿ ನೂರಕ್ಕೆ 35-40 ಮಂದಿಗೆ ವೃಷಣದ ರಕ್ತನಾಳ ಉಬ್ಬಿದ ವೆರಿಕೋಸೀಲ್ ಇರುತ್ತದೆ, ನಿಲ್ಲಿಸಿ ಕೈಯಿಂದ ಮುಟ್ಟಿ ನೋಡಿದರೇ ಗೊತ್ತಾಗುತ್ತದೆ. ಯೂರಾಲಜಿಸ್ಟರಿಗೆ (ಮೂತ್ರಾಂಗ, ಜನನಾಂಗ ತಜ್ಞರು) ತೋರಿಸಿ, ಎಫ್‌ಎಸ್‌ಎಚ್ ಮತ್ತು ಬೆಳಗಿನ ಟೆಸ್ಟೋಸ್ಟಿರಾನ್ ಎಂಬ ಹಾರ್ಮೋನುಗಳ ಪರೀಕ್ಷೆ ಮಾಡಿಸಿ. ಮರುಪರೀಕ್ಷೆಯಲ್ಲಿ ಎಣಿಕೆ 50 ಲಕ್ಷದ ಕೆಳಗೆ ಬಂದರೆ ಕ್ರೋಮೋಸೋಮ್ ಪರೀಕ್ಷೆಯೂ ಬೇಕಾಗುತ್ತದೆ. ಕಾವೂ ಲೆಕ್ಕಕ್ಕಿದೆ: ವೃಷಣ ದೇಹಕ್ಕಿಂತ 2-4 ಡಿಗ್ರಿ ತಣ್ಣಗಿರಬೇಕು. ಕರಗಿಸುವ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂರುವವರಿಗೂ, ಮಂಡಕ್ಕಿ ಭಟ್ಟಿಯವರಿಗೂ ಇದೇ ಮಾತು. ಟೆಸ್ಟೋಸ್ಟಿರಾನ್ ಇಂಜೆಕ್ಷನ್ ಯಾರಾದರೂ ಹೇಳಿದರೆ ಬೇಡವೆನ್ನಿ, ಅದು ವೀರ್ಯಾಣು ಉತ್ಪತ್ತಿಯನ್ನೇ ನಿಲ್ಲಿಸುತ್ತದೆ. ಸತುವಿನ ಮಾತ್ರೆಯ ಮೇಲೂ ಆಸೆ ಬೇಡ. ಅಮೆರಿಕದಲ್ಲಿ 2,370 ದಂಪತಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆರು ತಿಂಗಳು ಸತು 30 ಮಿ.ಗ್ರಾಂ, ಫೋಲಿಕ್ ಆಸಿಡ್ 5 ಮಿ.ಗ್ರಾಂ ತೆಗೆದುಕೊಂಡವರಿಗೆ ಮಕ್ಕಳಾಗುವ ಪ್ರಮಾಣ ಹೆಚ್ಚಲಿಲ್ಲ.

ನಿಮ್ಮ ಪತ್ರದಲ್ಲಿ ಹೆಂಡತಿಯ ಗರ್ಭನಾಳದ ಪರೀಕ್ಷೆಯ ಮಾತಿಲ್ಲ. ನಾಲ್ಕು ವರ್ಷವಾಗಿದೆ, ಎಚ್‌ಎಸ್‌ಜಿ (ಗರ್ಭನಾಳ ತೆರೆದಿದೆಯೇ ಎಂದು ನೋಡುವ ಎಕ್ಸ್‌ರೇ) ಆಗಿರದಿದ್ದರೆ ನಿಮ್ಮ ಪರೀಕ್ಷೆಗಳ ಜೊತೆಗೇ ಮಾಡಿಸಿ. ಒಬ್ಬರದು ಮುಗಿಯಲೆಂದು ಇನ್ನೊಬ್ಬರದನ್ನು ತಡೆದರೆ ವರ್ಷ ಹೋಗುತ್ತದೆ.

ಹೊಸದಾಗಿ ಸೇರಿದ ಸೀಸ ರಕ್ತದಲ್ಲಿ ಒಂದು ತಿಂಗಳಿಗೆ ಅರ್ಧವಾಗುತ್ತದೆ. ಒಂಬತ್ತು ವರ್ಷದ್ದು ಎಲುಬಿನಲ್ಲಿ ಕೂತಿದೆ, ಅಲ್ಲಿಂದ ಮೆಲ್ಲಗೆ ರಕ್ತಕ್ಕೆ ಇಳಿಯುತ್ತಲೇ ಇರುತ್ತದೆ. ಹಾಗಾಗಿ ಮೊದಲ ತಿಂಗಳ ಇಳಿತದ ವೇಗ ಆಮೇಲೆ ಸಿಗುವುದಿಲ್ಲ. ರಕ್ತದ ಸೀಸವನ್ನು ಎರಡು ತಿಂಗಳಿಗೊಮ್ಮೆ ಅದೇ ಲ್ಯಾಬಿನಲ್ಲಿ ನೋಡಿಸಿ. ವೀರ್ಯ ಪರೀಕ್ಷೆಯನ್ನು ಈಗ ಒಮ್ಮೆ ಸರಿಯಾಗಿ, ಕರಗಿಸುವುದು ನಿಂತ ಮೂರೂವರೆ ತಿಂಗಳಿಗೆ ಮತ್ತೊಮ್ಮೆ, ಆರು ತಿಂಗಳಿಗೆ ಇನ್ನೊಮ್ಮೆ. ಸೀಸ ಇಳಿದು ಎಣಿಕೆ ಏರಿದರೆ ಉತ್ತರ ಸಿಕ್ಕಂತೆ. ಸೀಸ ಇಳಿದೂ ಎಣಿಕೆ ಅಲ್ಲೇ ನಿಂತಿದ್ದರೆ ಇನ್ನಷ್ಟು ಕಾಯಬೇಡಿ. ಮೂರೂ ರಿಪೋರ್ಟುಗಳನ್ನು ದಿನಾಂಕದ ಪ್ರಕಾರ ಜೋಡಿಸಿಕೊಂಡು ಇಬ್ಬರೂ ಒಟ್ಟಿಗೆ ಸಂತಾನ ತಜ್ಞರ ಬಳಿ ಹೋಗಿ, ವೀರ್ಯವನ್ನು ಗರ್ಭಕೋಶಕ್ಕೆ ಬಿಡುವ ಐಯುಐ ಸಾಕೋ, ಲ್ಯಾಬಿನಲ್ಲಿ ಭ್ರೂಣ ಮಾಡುವ ಐವಿಎಫ್ ಬೇಕೋ ಎಂದು ಕೇಳಿ.